ಗೆಳತಿಯ ಇಯರ್ ಡ್ರಾಪ್ಸ್ ನನ್ನ ಕಿವಿಗೇಕೆ?

ಧಾರವಾಡದ ಸಪ್ತಾಪುರದಲ್ಲಿ ಪಿ.ಜಿ. ಹಿಡಿದು ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ನಮ್ಮಂಥವರ ಕಿವಿಯಲ್ಲಿ ದಿನಕ್ಕೆ ಎಂಟು–ಹತ್ತು ತಾಸು ಇಯರ್‌ಫೋನ್ ಇರುತ್ತದೆ. ಒಂದು ಕೋಣೆಯಲ್ಲಿ ಮೂವರು. ಒಬ್ಬಳು ಮಲಗಿದ್ದರೆ ಇನ್ನೊಬ್ಬಳು ಲೆಕ್ಕ ಬಿಡಿಸುತ್ತಿರುತ್ತಾಳೆ. ಆನ್‌ಲೈನ್ ಕ್ಲಾಸನ್ನು ಜೋರಾಗಿ ಹಾಕಿ ಕೇಳುವಂತಿಲ್ಲ. ಕಳೆದ ಮಳೆಗಾಲದಲ್ಲಿ ತಲೆಸ್ನಾನ ಮಾಡಿ, ಕೂದಲು ಆರುವ ಮೊದಲೇ ಇಯರ್‌ಫೋನ್ ತುರುಕಿಕೊಂಡು ಕೂತುಬಿಡುತ್ತಿದ್ದೆ. ಮೊದಲು ತುರಿಕೆ ಶುರುವಾಯಿತು. ಕೈಗೆ ಸಿಕ್ಕ ಹೇರ್‌ಪಿನ್ ಆಡಿಸಿದೆ, ಹಾಯೆನಿಸಿತು. ನಾಲ್ಕನೇ ದಿನ ಆ ಮಗ್ಗುಲಿಗೆ ಮಲಗಲಾಗದಷ್ಟು ನೋವು. ಪರೀಕ್ಷೆಗೆ ಉಳಿದಿದ್ದು 12 ದಿನ.

ರೂಮ್‌ಮೇಟ್‌ಳ ಕಪಾಟಿನಲ್ಲಿ ಹಿಂದಿನ ವರ್ಷ ತೆರೆದ ಡ್ರಾಪ್ಸ್ ಬಾಟಲಿ ಇತ್ತು. ಅದನ್ನೇ ಎರಡು ಹನಿ ಬಿಟ್ಟುಕೊಂಡೆ. ಕಡಿಮೆಯಾಗದಿದ್ದಾಗ ಓಣಿಯ ತುದಿಯ ಮೆಡಿಕಲ್ ಶಾಪಿಗೆ ಹೋದೆ.

‘ಅಣ್ಣಾರ, ಕಿವಿ ಭಾಳ ಬ್ಯಾನಿ ಆಗಾಕತ್ತೇತ್ರಿ, ಡ್ರಾಪ್ಸ್ ಕೊಡ್ರಿ.’

‘ಸೋರಾಕತ್ತೇತೇನವಾ?’

‘ಇಲ್ರಿ.’

ತಪಾಸಣೆ ಅಷ್ಟಕ್ಕೇ ಮುಗಿಯಿತು. ಬಾಟಲಿ ಕೈಗೆ ಬಂತು.

ಎರಡು ದಿನ ಆರಾಮ ಎನಿಸಿತು. ಮೂರನೇ ದಿನ ತುರಿಕೆ ಇಮ್ಮಡಿಯಾಗಿ, ಕಿವಿಗೆ ಅರಳೆ ಗಿಡಿದಂತೆ ಕೇಳಿಸದಾಯಿತು. ಆಗ ಬೇರೆ ದಾರಿ ಇರಲಿಲ್ಲ. ಸರ್ಕಾರಿ ಆಸ್ಪತ್ರೆಯ ಇಎನ್‌ಟಿ ವಿಭಾಗದ ಸಾಲಿನಲ್ಲಿ ಸಂವಿಧಾನದ ಪುಸ್ತಕ ಹಿಡಿದು ನಿಂತೆ. ವೈದ್ಯೆ ಬೆಳಕು ಬಿಟ್ಟು ನೋಡಿ, ‘ಒಳಗ ಬೂಷ್ಟು ಬೆಳದೈತಿ. ಇದಕ್ಕ ಆ್ಯಂಟಿಬಯೋಟಿಕ್ ಹಾಕು ಅಂತ ಯಾರು ಹೇಳಿದ್ರವಾ?’ ಎಂದರು. ನಾನು ಉತ್ತರಿಸಲಿಲ್ಲ.

ಅವರು ಸಣ್ಣ ನಳಿಕೆಯಿಂದ ಎಲ್ಲವನ್ನೂ ಹೀರಿ ತೆಗೆದು, ಆಮೇಲೆ ವಿವರಿಸಿದರು. ಕಿವಿಯ ಹೊರನಾಳದ ಉರಿಯೂತಕ್ಕೆ ಬ್ಯಾಕ್ಟೀರಿಯಾ ಕಾರಣವಿರಬಹುದು, ಶಿಲೀಂಧ್ರ ಇರಬಹುದು, ಬರೀ ಚರ್ಮದ ಅಲರ್ಜಿಯೂ ಇರಬಹುದು. ಹೊರಗಿನಿಂದ ಎಲ್ಲವೂ ಒಂದೇ ನೋವು, ಒಂದೇ ತುರಿಕೆ. ನಾನು ಹಾಕಿಕೊಂಡದ್ದರಲ್ಲಿ ಆ್ಯಂಟಿಬಯೋಟಿಕ್ ಜೊತೆ ಸ್ಟೀರಾಯ್ಡ್ ಇತ್ತು. ಸ್ಟೀರಾಯ್ಡ್ ಬಾವು ಇಳಿಸಿದ್ದರಿಂದ ಎರಡು ದಿನ ಸುಖ ಕಂಡಿತು. ಆ್ಯಂಟಿಬಯೋಟಿಕ್‌ಗೆ ಶಿಲೀಂಧ್ರ ಸಾಯುವುದಿಲ್ಲ. ಅದು ನಿಶ್ಚಿಂತೆಯಿಂದ ಬೆಳೆಯಿತು. ದುಡ್ಡು ಕೊಟ್ಟು ನಾನೇ ಸಾಕಿದ ಬೂಷ್ಟು!

ನನ್ನದೇನೋ ವಾಸಿಯಾಗುವಂಥದ್ದು. ಹೆದರಿಕೆ ಹುಟ್ಟಿಸಿದ್ದು ರೂಮ್‌ಮೇಟ್‌ಳ ಸಂಗತಿ. ಅವಳಿಗೆ ಸಣ್ಣವಳಿದ್ದಾಗಿನಿಂದ ನೆಗಡಿಯಾದಾಗಲೆಲ್ಲ ಕಿವಿ ಸೋರುತ್ತದೆ. ‘ನಿಂದು ಹೊಸಾದೈತಲ್ಲ, ನನಗೂ ಎರಡು ಹನಿ ಹಾಕು’ ಎಂದು ಕೇಳಿದ್ದಳು. ವೈದ್ಯೆಗೆ ಇದನ್ನು ಹೇಳಿದೆ. ಹಾಗೆ ಸೋರುವ ಕಿವಿಯ ತಮಟೆಯಲ್ಲಿ ತೂತು ಇರಬಹುದು ಎಂದರು. ನಿಯೋಮೈಸಿನ್, ಜೆಂಟಾಮೈಸಿನ್‌ನಂಥ ಔಷಧಿ ಇರುವ ಹನಿಗಳು ಆ ತೂತಿನಿಂದ ಒಳಗಿವಿಗೆ ಇಳಿದರೆ ಕೇಳುವ ಶಕ್ತಿಯೇ ಕುಂದಬಹುದಂತೆ. ಅವಳು ಓದುತ್ತಿರುವುದು ಪಿಎಸ್‌ಐ ಹುದ್ದೆಗೆ. ಅದಕ್ಕೆ ವೈದ್ಯಕೀಯ ಪರೀಕ್ಷೆಯೂ ಇರುತ್ತದೆ. ಮರುದಿನವೇ ಅವಳನ್ನು ಅದೇ ಸಾಲಿನಲ್ಲಿ ನಿಲ್ಲಿಸಿದೆ. ತೂತು ಇದ್ದೇ ಇತ್ತು. ಆ ಹಳೆಯ ಬಾಟಲಿಯಲ್ಲಿ ಏನಿತ್ತೋ, ಅದರ ಚೀಟಿ ಯಾವತ್ತೋ ಅಳಿಸಿಹೋಗಿತ್ತು.

ಅದಕ್ಕೇ ಹೇಳುತ್ತೇನೆ: ಕಿವಿಯೊಳಗೆ ಯಾರಾದರೂ ನೋಡುವ ತನಕ ಯಾವ ಡ್ರಾಪ್ಸೂ ಬೇಡ, ಕಾಸಿದ ಬೆಳ್ಳುಳ್ಳಿ ಎಣ್ಣೆಯೂ ಬೇಡ. ‘ಟೈಮ್ ಇಲ್ಲ, ರೊಕ್ಕ ಇಲ್ಲ’ ಎನ್ನುವುದು ನನಗೂ ಗೊತ್ತು. ಆದರೆ ಆಸ್ಪತ್ರೆಯ ಅರ್ಧ ದಿನ ಉಳಿಸಲು ಹೋಗಿ ನಾನು ಕಳೆದುಕೊಂಡದ್ದು ಓದಿನ ಒಂದು ವಾರ. ಅಂಗಡಿಯವರಿಗೂ ಹೋಗಿ ಹೇಳಿದೆ. ‘ನಾ ಕೊಡಲಿಲ್ಲಂದ್ರ ಮುಂದಿನ ಅಂಗಡ್ಯಾಗ ತಗೋತೀರಿ’ ಎಂದರು. ಮಾತು ಸುಳ್ಳಲ್ಲ, ಆದರೆ ಸಮರ್ಥನೆಯೂ ಅಲ್ಲ. ಚೀಟಿಯ ಎಡಬದಿಯ ಕೆಂಪು ಗೆರೆಯ ಅರ್ಥವೇ ವೈದ್ಯರು ಬರೆದುಕೊಟ್ಟರೆ ಮಾತ್ರ ಮಾರಬೇಕು ಎಂದು. ಆ ಗೆರೆ ಅವರಿಗೆ ನಮಗಿಂತ ಚೆನ್ನಾಗಿ ಗೊತ್ತು.

ಸರಿಯಾದ ಔಷಧಿ ಸಿಕ್ಕ ಮೇಲೂ ಹಾಕಿಕೊಳ್ಳುವ ರೀತಿ ನನಗೆ ತಿಳಿದಿರಲಿಲ್ಲ. ಕನ್ನಡಿ ಮುಂದೆ ನಿಂತು ತಲೆ ವಾರೆ ಮಾಡಿ ಎರಡು ಹನಿ ಬಿಟ್ಟು ಓಡುತ್ತಿದ್ದೆ. ಅರ್ಧ ಔಷಧಿ ಕುತ್ತಿಗೆಗೆ ಹರಿಯುತ್ತಿತ್ತು. ಅಲ್ಲಿನ ನರ್ಸ್ ಅಕ್ಕ ತೋರಿಸಿಕೊಟ್ಟರು. ಕೈ ತೊಳೆದು, ಬಾಟಲಿಯನ್ನು ಒಂದೆರಡು ನಿಮಿಷ ಅಂಗೈಯಲ್ಲಿ ಹಿಡಿದು ಬೆಚ್ಚಗೆ ಮಾಡಬೇಕು. ತಣ್ಣನೆಯ ಹನಿ ಬಿದ್ದರೆ ತಲೆ ಗಿರ್ರೆನ್ನುತ್ತದೆ. ನೋಯುವ ಕಿವಿ ಮೇಲೆ ಬರುವಂತೆ ಮಗ್ಗುಲಾಗಿ, ಕಿವಿಯನ್ನು ಮೇಲಕ್ಕೂ ಹಿಂದಕ್ಕೂ ಮೆಲ್ಲಗೆ ಎಳೆದು, ಬಾಟಲಿಯ ತುದಿ ತಾಗದಂತೆ ಹನಿ ಬಿಡಬೇಕು. ಕಿವಿಯ ಮುಂದಿನ ಪುಟ್ಟ ದಿಂಡನ್ನು ನಾಲ್ಕಾರು ಸಲ ಒತ್ತಿ, ಐದು ನಿಮಿಷ ಹಾಗೇ ಮಲಗಬೇಕು. ನೋವು ಹೋಯಿತೆಂದು ಮೂರೇ ದಿನಕ್ಕೆ ನಿಲ್ಲಿಸದೆ, ಹೇಳಿದಷ್ಟು ದಿನ ಹಾಕಬೇಕು. ಸ್ನಾನದ ಹೊತ್ತಿಗೆ ವ್ಯಾಸಲಿನ್ ಸವರಿದ ಅರಳೆ ಇಟ್ಟುಕೊಂಡರೆ ನೀರು ಹೋಗದು. ಇಯರ್‌ಫೋನ್ ಅಷ್ಟು ದಿನ ಬಂದ್. (ಪೆಟ್ಟಿಗೆಯ ಮೇಲೆ ‘ಕಿವಿಗೆ ಮಾತ್ರ’ ಎಂದಿದ್ದರೆ ಅದನ್ನು ಕಣ್ಣಿಗೆ ಹಾಕಬೇಡಿ. ಎರಡೂ ಬಾಟಲಿ ಒಂದೇ ಥರ ಇರುತ್ತವೆ, ನಮ್ಮ ಪಿ.ಜಿ.ಯಲ್ಲೇ ಒಬ್ಬಳು ಸ್ವಲ್ಪದರಲ್ಲಿ ತಪ್ಪಿಸಿಕೊಂಡಳು.)

ಇನ್ನು ಗುಗ್ಗೆ. ಅದು ಕೊಳೆ ಅಂದುಕೊಂಡು ಬಡ್ಸ್, ಪಿನ್ ಹಾಕುತ್ತೇವೆ. ಕಿವಿಯ ಚರ್ಮವನ್ನು ನೀರು, ಸೋಂಕಿನಿಂದ ಕಾಯುವುದೇ ಅದು. ಕೆದಕಿದಾಗ ಒಂದಿಷ್ಟು ಒಳಗೆ ಹೋಗಿ ಕೂರುತ್ತದೆ, ಚರ್ಮವೂ ಗೀರುತ್ತದೆ. ನನ್ನ ಕಥೆ ಶುರುವಾದದ್ದೇ ಆ ಗೀರಿನಿಂದ. ಇನ್ನೊಂದು ಮಾತು ಮನೆಯವರಿಗಾಗಿ: ಸಕ್ಕರೆ ಕಾಯಿಲೆ ಇರುವ ಅಪ್ಪ, ಅವ್ವನಿಗೆ ಇಂಥ ಕಿವಿನೋವು ಬಂದರೆ ಒಂದು ದಿನವೂ ಕಾಯಬೇಡಿ. ಅವರಲ್ಲಿ ಸೋಂಕು ಮೂಳೆಗೂ ಇಳಿಯಬಹುದು.

ನನಗೆ ಸಿಟ್ಟು ಬರುವುದು ಒಂದು ವಿಷಯಕ್ಕೆ. ನನ್ನ ಔಷಧಿಯ ಪೆಟ್ಟಿಗೆಯಲ್ಲಿ ‘ತೆರೆದ ಒಂದು ತಿಂಗಳೊಳಗೆ ಬಳಸಿ’ ಎಂದು ಇರುವೆಗಾತ್ರದ ಇಂಗ್ಲಿಷಿನಲ್ಲಿತ್ತು. ಮೂರು ವರ್ಷ ಡಿಗ್ರಿ ಓದಿದ ನಾನೇ ಮೊಬೈಲ್ ಕ್ಯಾಮೆರಾದಲ್ಲಿ ದೊಡ್ಡದು ಮಾಡಿ ಓದಬೇಕಾಯಿತು. ಊರಲ್ಲಿರುವ ನಮ್ಮವ್ವ ಹೇಗೆ ಓದುತ್ತಾಳೆ? ಕರ್ನಾಟಕದಲ್ಲಿ ಮಾರುವ ಔಷಧಿಯ ಮೇಲೆ ಬಳಸುವ ರೀತಿ, ಎಸೆಯುವ ದಿನ, ಎಷ್ಟು ಹನಿ ಎಂಬ ನಾಲ್ಕು ಸಾಲು ಕನ್ನಡದಲ್ಲಿ ಬೇಕೆಂದು ಕೇಳುವುದು ದೊಡ್ಡ ಬೇಡಿಕೆಯೇ?

ಪರೀಕ್ಷೆ ಬರೆದೆ. ರೂಮ್‌ಮೇಟ್ ತಮಟೆಯ ಆಪರೇಷನ್‌ಗೆ ದಿನ ಕಾಯುತ್ತಿದ್ದಾಳೆ. ನನ್ನ ಬಾಟಲಿಯ ಮೇಲೆ ತೆರೆದ ದಿನಾಂಕವನ್ನು ಪೆನ್ನಿನಲ್ಲಿ ಬರೆದಿಟ್ಟಿದ್ದೆ. ತಿಂಗಳು ತುಂಬಿದಾಗ ಇನ್ನೂ ಅರ್ಧ ಉಳಿದಿತ್ತು. ಎದುರು ಕೋಣೆಯವಳು ಕೇಳಿದಳು. ಕೊಡಲಿಲ್ಲ, ಎಸೆದೆ.