ಕಾವಲು ಮಟ್ಟಸವಾದ ಬಯಲಲ್ಲ

ಚಳ್ಳಕೆರೆಯ ಅಮೃತಮಹಲ್ ಕಾವಲುಗಳನ್ನು ನೋಡಿದ ನಗರದ ಕಣ್ಣಿಗೆ ಅವು ಮಟ್ಟಸವಾದ ಬಂಜರು ಮಾತ್ರ. ಸರ್ವೆ ಆಫ್ ಇಂಡಿಯಾದ 1:50,000 ಪ್ರಮಾಣದ ನಕ್ಷೆಯೂ ಈ ಭ್ರಮೆಗೆ ಇಂಬು ಕೊಡುತ್ತದೆ. ಅದರ ಸಮೋನ್ನತಿ ರೇಖೆಗಳ ಅಂತರ 20 ಮೀಟರ್. ಅದಕ್ಕಿಂತ ಸಣ್ಣ ಏರಿಳಿತಗಳು ಎರಡು ರೇಖೆಗಳ ನಡುವಣ ಖಾಲಿ ಜಾಗದಲ್ಲಿ ಕರಗಿಹೋಗುತ್ತವೆ. ಕಾವಲಿನ ಜೀವವಿರುವುದು ಅಂಥ ಏರಿಳಿತದಲ್ಲೇ.

2000ದ ಫೆಬ್ರುವರಿಯಲ್ಲಿ ಅಮೆರಿಕದ ಎಂಡೆವರ್ ನೌಕೆಯು 11 ದಿನಗಳ ಕಾಲ ಭೂಮಿಯನ್ನು ಸುತ್ತುತ್ತ ರೇಡಾರ್ ಮೂಲಕ ನೆಲದ ಎತ್ತರವನ್ನು ಅಳೆಯಿತು. ಮೊದಲು 90 ಮೀಟರಿಗೊಂದರಂತೆ, 2014ರಿಂದ 30 ಮೀಟರಿಗೊಂದರಂತೆ ಅದರ ಅಂಕಿಗಳು ಎಲ್ಲರಿಗೂ ಉಚಿತವಾಗಿ ದೊರೆಯತೊಡಗಿದವು. 2005ರಲ್ಲಿ ಇಸ್ರೋ ಹಾರಿಸಿದ ಕಾರ್ಟೊಸ್ಯಾಟ್-1 ಒಂದೇ ನೆಲವನ್ನು ಎರಡು ಕೋನಗಳಿಂದ ಚಿತ್ರಿಸಿ ಎತ್ತರದ ಲೆಕ್ಕ ಕೊಟ್ಟಿತು. ಪ್ರತಿ ಚೌಕದಿಂದ ನೀರು ಯಾವ ನೆರೆಚೌಕಕ್ಕೆ ಇಳಿಯುತ್ತದೆಂದು ಗಣಕವು ಎಣಿಸುತ್ತ ಹೋದರೆ, 'ಮಟ್ಟಸ'ವೆನ್ನಿಸಿದ ಬಯಲಿನಲ್ಲಿ ವೇದಾವತಿಯನ್ನೋ ಊರ ಕೆರೆಯನ್ನೋ ಸೇರುವ ಹಳ್ಳಗಳ ಜಾಲ ಮೂಡುತ್ತದೆ. ರಾಜ್ಯದಲ್ಲೇ ಅತಿ ಕಡಿಮೆ ಮಳೆ ಬೀಳುವ ಸೀಮೆಯಲ್ಲಿ ಇದು ಸಣ್ಣ ಸಂಗತಿಯಲ್ಲ.

ಮೊಳಕಾಲ್ಮೂರಿನ ಕಡೆ ಚಿತ್ರ ಬೇರೆ. ಅಶೋಕನ ಶಾಸನಗಳಿರುವ ಬ್ರಹ್ಮಗಿರಿ, ಜಟಿಂಗ ರಾಮೇಶ್ವರ ಗುಡ್ಡಗಳು ಬಯಲಿನಿಂದ ಥಟ್ಟನೆ ಮೇಲೇಳುತ್ತವೆ. ಬಿರುಕು ಹೆಚ್ಚಿದ್ದ ಬಂಡೆ ಲಕ್ಷಾಂತರ ವರ್ಷಗಳಲ್ಲಿ ಕೊಳೆತು ಕೊಚ್ಚಿಹೋಗಿ ಬಯಲಾಯಿತು. ಗಟ್ಟಿಯಾದುದು ಗುಡ್ಡವಾಗಿ ಉಳಿಯಿತು. ಅಂಥ ಗುಡ್ಡವನ್ನು ಕಲ್ಲುಗಣಿ ಕೆಲವೇ ವರ್ಷಗಳಲ್ಲಿ ತಗ್ಗಿಸಬಲ್ಲದು. ಹಳೆಯ ಮತ್ತು ಹೊಸ ಎತ್ತರದ ಅಂಕಿಗಳನ್ನು ಕಳೆದು ನೋಡಿದರೆ ಮೂವತ್ತು ಮೀಟರ್ ಕರಗಿದ ಗುಡ್ಡವು ಸಾಕ್ಷಿ ನುಡಿಯುತ್ತದೆ. ಆದರೆ ಎರಡು ಮೀಟರ್ ಹೂಳು ತುಂಬಿದ ಕೆರೆ ಸಿಕ್ಕುವುದಿಲ್ಲ. ಅಷ್ಟು ವ್ಯತ್ಯಾಸ ಈ ಅಳತೆಯ ದೋಷದೊಳಗೇ ಅಡಗಿಹೋಗುತ್ತದೆ.

ಅಳತೆಯ ಮಿತಿ ಇನ್ನೂ ಇದೆ. 30 ಮೀಟರ್ ಚೌಕದಲ್ಲಿ ಸಣ್ಣ ಕೆರೆಯ ಏರಿ ಕಾಣದು. ಗಣಕದ ನಕ್ಷೆಯಲ್ಲಿ ನೀರು ಏರಿಯನ್ನೇ ಸೀಳಿಕೊಂಡು ಹೋಗುತ್ತದೆ! ಆದ್ದರಿಂದ ಹದ ಮಳೆಯಾದ ಮರುದಿನ ನೀರು ಎಲ್ಲಿ ನಿಲ್ಲುತ್ತದೆ, ಹುಲ್ಲು ಎಲ್ಲಿ ಮೊದಲು ಚಿಗುರುತ್ತದೆ ಎಂಬುದನ್ನು ಬಲ್ಲ ಕುರಿಗಾಹಿಗಳೊಡನೆ ನಡೆದು ತಿದ್ದದ ನಕ್ಷೆಯನ್ನು ಅಂತಿಮವೆಂದು ಒಪ್ಪಲಾಗದು.

2007ರ ನಂತರದ ಕೆಲವೇ ವರ್ಷಗಳಲ್ಲಿ ಇಲ್ಲಿನ ಸುಮಾರು 10,000 ಎಕರೆ ಕಾವಲು ವಿಜ್ಞಾನ ಮತ್ತು ರಕ್ಷಣಾ ಸಂಸ್ಥೆಗಳ ಪಾಲಾಯಿತು. ಚಂದ್ರಯಾನ-2ರ ಸಂವೇದಕಗಳ ಪರೀಕ್ಷೆಗಾಗಿ ಇಸ್ರೋ 2016ರಲ್ಲಿ ಉಳ್ಳಾರ್ತಿ ಕಾವಲಿನಲ್ಲಿ ಕೃತಕ ಕುಳಿಗಳನ್ನೂ ತೋಡಿಸಿತು. ಚಂದ್ರನ ತಗ್ಗುದಿಣ್ಣೆಗಳಿಗೆ ತೋರಿದ ಈ ಶ್ರದ್ಧೆ ಅದೇ ಕಾವಲಿನ ತಗ್ಗುದಿಣ್ಣೆಗಳಿಗೂ ಸಲ್ಲಬೇಕಲ್ಲವೇ? ಹೊಸ ಗೋಡೆ, ಗಣಿ, ಸೌರ ಫಲಕ, ಯಾವುದಕ್ಕೇ ಆಗಲಿ ಅನುಮತಿ ಕೊಡುವ ಮುನ್ನ ಅಲ್ಲಿನ ನೀರಿನ ದಾರಿಗಳ ನಕ್ಷೆಯನ್ನು ಕನ್ನಡದಲ್ಲಿ ಗ್ರಾಮಸಭೆಯ ಮುಂದಿಡಬೇಕು. ಹಳ್ಳ ಹಾಯುವಲ್ಲಿ ಗೋಡೆ ಬಾಯಿ ಬಿಡಬೇಕು.