ಮೊದಲು ನಿಮ್ಮ ಉತ್ತರ ಪತ್ರಿಕೆ ಓದಿ

ಸಿಎ ಫೈನಲ್ ಫಲಿತಾಂಶ ಬಂದಾಗ ಫೇಲಾದ ಮಕ್ಕಳ ಮನೆಯಲ್ಲಿ ಕೇಳಿಬರುವುದು ಹೆಚ್ಚುಕಡಿಮೆ ಒಂದೇ ಮಾತು: ‘ಇನ್ನೂ ಸ್ವಲ್ಪ ಕಷ್ಟಪಟ್ಟು ಓದಬೇಕಿತ್ತು.’ ಮಕ್ಕಳೂ ಅದನ್ನೇ ನಂಬಿ, ಹೊಸ ಕೋಚಿಂಗ್‌ಗೆ ದುಡ್ಡು ಕಟ್ಟಿ, ಮೊದಲ ಅಧ್ಯಾಯದಿಂದ ಮತ್ತೆ ಶುರುಮಾಡುತ್ತಾರೆ. ದಡದ ಹತ್ತಿರ ಬಂದು ಸೋತವರಿಗೆ ಇದು ತಪ್ಪು ಸಲಹೆ.

ಈ ಪರೀಕ್ಷೆಯ ಲೆಕ್ಕಾಚಾರ ನೋಡಿ. ಪ್ರತಿ ಪತ್ರಿಕೆಯಲ್ಲೂ 40 ಬರಬೇಕು, ಮೂರು ಪತ್ರಿಕೆಗಳ ಗ್ರೂಪಿಗೆ ಒಟ್ಟು 150 ಆಗಬೇಕು. 62, 50, 39 ಬಂದವನು 151 ಗಳಿಸಿಯೂ ಫೇಲ್. 62, 45, 41 ಬಂದವಳು ಎಲ್ಲದರಲ್ಲೂ 40 ದಾಟಿಯೂ 148ಕ್ಕೆ ನಿಂತು ಫೇಲ್. ಅರವತ್ತು ದಾಟಿದ ಪತ್ರಿಕೆಗೆ ಎಕ್ಸೆಂಪ್ಷನ್ ಸಿಗುತ್ತದೆ, ನಿಜ. ಆದರೆ ಇಂಥವರಿಗೆ ವಿಷಯವೇ ಗೊತ್ತಿಲ್ಲ ಎನ್ನಲು ಹೇಗೆ ಬಾಯಿ ಬರುತ್ತದೆ? ಕೈತಪ್ಪಿದ್ದು ಒಂದೆರಡು ಅಂಕ. ಅದು ಎಲ್ಲಿ ಹೋಯಿತೆಂದು ಪಠ್ಯಪುಸ್ತಕ ಹೇಳುವುದಿಲ್ಲ, ಅವರೇ ಬರೆದ ಉತ್ತರ ಪತ್ರಿಕೆ ಹೇಳುತ್ತದೆ.

ಮೌಲ್ಯಮಾಪನವಾದ ಉತ್ತರ ಪತ್ರಿಕೆ ನೋಡುವ ಹಕ್ಕು ಪರೀಕ್ಷಾರ್ಥಿಗೆ ಇದೆ ಎಂದು ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿದೆ. ಶುಲ್ಕ ಕಟ್ಟಿ ಅರ್ಜಿ ಹಾಕಿದರೆ ಸಿಎ ಸಂಸ್ಥೆಯೂ ಪ್ರಮಾಣೀಕೃತ ಪ್ರತಿ ಕೊಡುತ್ತದೆ. ತರಿಸಿಕೊಂಡವರಲ್ಲಿ ಅನೇಕರು ಅಂಕ ಕೂಡಿಸಿದ್ದು ಸರಿಯಿದೆಯೇ ಎಂದಷ್ಟೇ ನೋಡಿ ಬದಿಗಿಡುತ್ತಾರೆ. ಮರುಮೌಲ್ಯಮಾಪನವೇ ಇಲ್ಲದ ಪರೀಕ್ಷೆಯಲ್ಲಿ ಆ ಪ್ರತಿಯ ನಿಜವಾದ ಉಪಯೋಗ ಬೇರೆ. ಸಂಸ್ಥೆ ಪ್ರಕಟಿಸುವ ಸಜೆಸ್ಟೆಡ್ ಆನ್ಸರ್ಸ್ ಪಕ್ಕದಲ್ಲಿಟ್ಟುಕೊಂಡು ಸಾಲು ಸಾಲಾಗಿ ಓದಬೇಕು.

ಆಡಿಟಿಂಗ್ ಪತ್ರಿಕೆಯನ್ನೇ ತೆಗೆದುಕೊಳ್ಳಿ. ಕಂಪನಿಯೊಂದು ಸಾಲ ತೀರಿಸಲಾಗದೆ ಒದ್ದಾಡುತ್ತಿದೆ, ದೊಡ್ಡ ಗ್ರಾಹಕ ಕೈಬಿಟ್ಟಿದ್ದಾನೆ, ಆದರೂ ಲೆಕ್ಕಪತ್ರದಲ್ಲಿ ಆ ಬಗ್ಗೆ ಒಂದು ಮಾತಿಲ್ಲ. ಲೆಕ್ಕಪರಿಶೋಧಕ ಏನು ಮಾಡಬೇಕು? ವಿದ್ಯಾರ್ಥಿ ಎಸ್‌ಎ 570 ಎಂಬ ಆಡಿಟಿಂಗ್ ಮಾನದಂಡದ ಬಗ್ಗೆ ನೆನಪಿದ್ದದ್ದನ್ನೆಲ್ಲ ಬರೆದು ಎರಡು ಪುಟ ತುಂಬಿಸುತ್ತಾನೆ. ಕಂಪನಿ ಮುಂದುವರಿಯುವುದೇ ಅನುಮಾನವಾಗಿರುವಾಗ ಅದನ್ನು ಬಹಿರಂಗಪಡಿಸಿಲ್ಲ, ಹಾಗಾಗಿ ಕ್ವಾಲಿಫೈಡ್ ಇಲ್ಲವೇ ಅಡ್ವರ್ಸ್ ಅಭಿಪ್ರಾಯ ಕೊಡಬೇಕು ಎಂಬ ಒಂದು ವಾಕ್ಯ ಮಾತ್ರ ಬರೆದಿರುವುದಿಲ್ಲ. ಕೇಳಿದ್ದು ಅದನ್ನೇ! ಓದಿದ್ದು ಕಡಿಮೆಯಾಗಿ ಅಂಕ ಹೋದದ್ದಲ್ಲ ಇದು.

ಇನ್ನೊಂದು, ಸಮಯ. ಮೂರು ಗಂಟೆಯ ಪತ್ರಿಕೆಗಳಲ್ಲಿ 100 ಅಂಕಕ್ಕೆ 180 ನಿಮಿಷ ಎಂದರೆ 14 ಅಂಕದ ಪ್ರಶ್ನೆಗೆ 25 ನಿಮಿಷ. ಬ್ಯಾಲೆನ್ಸ್ ಶೀಟ್ ತಾಳೆಯಾಗಲಿಲ್ಲವೆಂದು ಅಲ್ಲೇ 40 ನಿಮಿಷ ಕೂತವರ ಕೊನೆಯ ಪ್ರಶ್ನೆ ಅರ್ಧಕ್ಕೇ ನಿಂತಿರುತ್ತದೆ. ತಾಳೆಯಾಗದಿದ್ದರೂ ವರ್ಕಿಂಗ್ ನೋಟ್ಸ್‌ಗೆ ಅಂಕ ಸಿಗುತ್ತದೆ, ಖಾಲಿ ಪುಟಕ್ಕೆ ಸಿಗುವುದಿಲ್ಲ. ಬಹು ಆಯ್ಕೆ ಪ್ರಶ್ನೆಗಳ 30 ಅಂಕದಲ್ಲಿ ತಪ್ಪು ಉತ್ತರಕ್ಕೆ ಅಂಕ ಕಳೆಯುವುದೂ ಇಲ್ಲ, ಒಂದನ್ನೂ ಬಿಡಬೇಡಿ.

ಕನ್ನಡ ಮಾಧ್ಯಮದಲ್ಲಿ ಓದಿ ಬಂದವರ ಕಷ್ಟ ನನ್ನನ್ನು ಹೆಚ್ಚು ಕಾಡುತ್ತದೆ. ಈ ಪರೀಕ್ಷೆ ಬರೆಯಲು ಇರುವುದು ಇಂಗ್ಲಿಷ್, ಹಿಂದಿ ಎರಡೇ. ನಿಯಮ ಗೊತ್ತಿದ್ದರೂ ಇಂಗ್ಲಿಷ್ ವಾಕ್ಯ ಕಟ್ಟುವುದರಲ್ಲೇ ನಿಮಿಷಗಳು ಕರಗುತ್ತವೆ. ಇವರು ನಿಯಮ, ಪ್ರಕರಣದ ಸಂಗತಿ, ತೀರ್ಮಾನ ಎಂದು ಮೂರು ಚಿಕ್ಕ ಚಿಕ್ಕ ವಾಕ್ಯಗಳಲ್ಲಿ ಉತ್ತರ ಮುಗಿಸುವುದನ್ನು ದಿನಾ ಗಡಿಯಾರ ಇಟ್ಟುಕೊಂಡು ಬರೆದೇ ಅಭ್ಯಾಸ ಮಾಡಬೇಕು. ಓದಿದರೆ ಬರುವ ವಿದ್ಯೆಯಲ್ಲ ಇದು. ಆರ್ಟಿಕಲ್‌ಶಿಪ್‌ಗೆ ಮಕ್ಕಳನ್ನು ಇಟ್ಟುಕೊಂಡಿರುವ ಆಡಿಟರುಗಳು ವಾರಕ್ಕೊಮ್ಮೆ ಇಂಥ ಒಂದು ಉತ್ತರ ತಿದ್ದಿಕೊಟ್ಟರೆ ದೊಡ್ಡ ಉಪಕಾರವಾದೀತು.

ಈ ಸಲ ಫೇಲಾದವರಲ್ಲಿ ನನ್ನ ಕೋರಿಕೆ ಇಷ್ಟೇ: ಕೋಚಿಂಗ್ ಫೀಸು ಕಟ್ಟುವ ಮೊದಲು ಉತ್ತರ ಪತ್ರಿಕೆಯ ಪ್ರತಿಗೆ ಅರ್ಜಿ ಹಾಕಿ. ಅದಕ್ಕೂ ಕೊನೇ ದಿನಾಂಕ ಇರುತ್ತದೆ.