ಕಿಂವದಂತಿಯಲ್ಲಿನ ‘ಕಿಂ’

ಹಂಪಿಯನ್ನು ಹೊರಗೆ ನೋಡು, ಉಜ್ಜಿನಿಯನ್ನು ಒಳಗೆ ನೋಡು ಎಂಬುದು ಈ ಸೀಮೆಯ ನಾಣ್ಣುಡಿ. ಶ್ರೀ ಮರುಳಸಿದ್ಧೇಶ್ವರ ದೇವಾಲಯದ ಒಳಗಣ ಕೆತ್ತನೆಯನ್ನು ಕಂಡವರಿಗೆ ಅದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ಕೆಲವು ಪದಗಳನ್ನೂ ಹೀಗೆಯೇ ಒಳಹೊಕ್ಕು ನೋಡಬೇಕು. ‘ಕಿಂವದಂತಿ’ ಅಂಥದೊಂದು ಪದ.

ಸಂಸ್ಕೃತದಲ್ಲಿ ‘ವದಂತಿ’ ಎಂದರೆ ‘ಹೇಳುತ್ತಾರೆ’. ಹೇಳುವವರು ಯಾರು? ಬಹುವಚನವಿದೆ, ಹೆಸರಿಲ್ಲ. ಅದರ ಹಿಂದೆ ‘ಕಿಂ’, ಅಂದರೆ ‘ಏನು?’ ಎಂಬ ಪ್ರಶ್ನೆ. ಅಮರಸಿಂಹನು ಶಬ್ದಾದಿವರ್ಗದಲ್ಲಿ ಇದನ್ನು ಜನಶ್ರುತಿಯೊಡನೆ ಇರಿಸಿದ್ದಾನೆ. ಜನ ಕೇಳಿದ್ದು, ಕಂಡದ್ದಲ್ಲ. ಇಂದಿನ ಬರವಣಿಗೆಯಲ್ಲಿ ಹೆಚ್ಚಾಗಿ ಕಾಣುವುದು ಬರಿಯ ‘ವದಂತಿ’. ಪದವೇನೋ ಹಗುರಾಯಿತು, ಪ್ರಶ್ನೆ ಮಾತ್ರ ಉದುರಿಹೋಯಿತು.

ತರಗತಿಗಳಲ್ಲಿ ‘ಕಿಂವದಂತಿ ಎಂದರೆ ಗಾಳಿಸುದ್ದಿ’ ಎಂದು ಬರೆಸಿ, ಸ್ವಂತ ವಾಕ್ಯದಲ್ಲಿ ಬಳಸಲು ಹೇಳಿ ಮುಗಿಸುವುದು ವಾಡಿಕೆ. ಅಷ್ಟನ್ನೇ ಕಲಿತ ವಿದ್ಯಾರ್ಥಿಯು ಇಲ್ಲಿಯ ಶಿಖರ ತೈಲಾಭಿಷೇಕದ ಹಿನ್ನೆಲೆಯನ್ನೂ ಕಿಂವದಂತಿಯೆಂದೇ ಬರೆದಾನು. ಅದು ಸಲ್ಲದು. ಹೇಳಿದವರ ಪರಂಪರೆಯಿರುವುದು ಐತಿಹ್ಯ. ಹೇಳಿದವರಾರೆಂದು ಕೇಳಿದೊಡನೆ ಎಲ್ಲರೂ ಜಾರಿಕೊಳ್ಳುವುದು ಕಿಂವದಂತಿ. ಉಪಾಧ್ಯಾಯರ ಕೊಠಡಿಯೂ ಇದಕ್ಕೆ ಹೊರತಲ್ಲ.

ಈ ವಿವೇಕ ಆಡುನುಡಿಯಲ್ಲಿ ಮೊದಲಿನಿಂದಲೂ ಇದೆ. ಕೊಟ್ಟೂರಿನಿಂದ ಮರಳಿದ ರೈತನು ತಾನು ಕಂಡಿದ್ದರೆ ‘ಮಳೆ ಬಂತು’ ಎನ್ನುವನು, ಕೇಳಿದ್ದಾದರೆ ‘ಬಂತಂತೆ’. ಸಾಕ್ಷಿಯ ಮಿತಿಯನ್ನು ಇಷ್ಟು ಚಿಕ್ಕ ಪ್ರತ್ಯಯದಲ್ಲಿ ಒಪ್ಪಿಕೊಳ್ಳುವ ಸೌಲಭ್ಯ ಎಲ್ಲ ಭಾಷೆಗಳಿಗೂ ಇಲ್ಲ. ‘ಅಂತೆಕಂತೆ’ ಎಂಬ ಜೋಡುನುಡಿಯಲ್ಲಂತೂ ತಿರಸ್ಕಾರವೂ ಸೇರಿದೆ. ಪತ್ರಿಕೆಗಳ ‘ಎನ್ನಲಾಗಿದೆ’ ಅದೇ ‘ಅಂತೆ’ಗೆ ತೊಡಿಸಿದ ರುಮಾಲು, ಗತ್ತು ಹೆಚ್ಚು, ಎಚ್ಚರಿಕೆ ಕಡಿಮೆ.

2018ರ ಜುಲೈಯಲ್ಲಿ ಬೀದರ ಜಿಲ್ಲೆಯಲ್ಲಿ ನಡೆದುದನ್ನು ನೆನೆಯಬೇಕು. ಹೈದರಾಬಾದಿನಿಂದ ಬಂದ ಕೆಲವು ಗೆಳೆಯರು ದಾರಿಯಲ್ಲಿ ಶಾಲಾಮಕ್ಕಳಿಗೆ ಚಾಕೊಲೇಟು ಕೊಟ್ಟರು. ಮಕ್ಕಳ ಕಳ್ಳರೆಂಬ ಮಾತು ವಾಟ್ಸಾಪಿನಲ್ಲಿ ಅವರ ಕಾರಿಗಿಂತ ಮೊದಲೇ ಮುರ್ಕಿ ಗ್ರಾಮವನ್ನು ತಲುಪಿತು. ಗುಂಪಿನ ಹೊಡೆತಕ್ಕೆ ಸಾಫ್ಟ್‌ವೇರ್ ಉದ್ಯೋಗಿಯಾದ ಒಬ್ಬ ತರುಣನು ಮಡಿದನು. ‘ಕಳ್ಳರಂತೆ’ ಎಂಬುದು ‘ಕಳ್ಳರು’ ಎಂದಾಗುವುದಕ್ಕೆ ಒಂದು ಪ್ರತ್ಯಯ ಬಿದ್ದುಹೋದರೆ ಸಾಕು.

ಆದುದರಿಂದ ಈ ಪದವನ್ನು ಪಾಠ ಹೇಳುವ ಉಪಾಧ್ಯಾಯರು ಸ್ವಂತ ವಾಕ್ಯಕ್ಕೇ ನಿಲ್ಲಬಾರದು. ಊರಿನಲ್ಲಿ ನಿನ್ನೆ ಕೇಳಿದ ಒಂದು ಮಾತನ್ನು ವ್ಯಕ್ತಿಗಳ ಹೆಸರು ಬಿಟ್ಟು, ‘ಅಂತೆ’ ಬಿಡದೆ, ಬರೆಯಿಸಲಿ. ಅದರ ಕೆಳಗೆ, ಕಂಡವರು ಯಾರಾದರೂ ಇದ್ದರೇ ಎಂಬುದಕ್ಕೂ ಒಂದು ಸಾಲು ಕೇಳಲಿ. ಅಂಕಗಳು ಎರಡಕ್ಕೂ ಸಮನಾಗಿರಲಿ.